ತಿಳಿಯಾದ ದಿನಗಳ ಕೆಲಸ

ಬಿಸಿಲು 42 ಡಿಗ್ರಿಯನ್ನು ಮುಟ್ಟಿತೆಂಬುದು ರಾಯಚೂರಿನಲ್ಲಿ ಯಾರನ್ನೂ ಬೆರಗುಗೊಳಿಸದ ಏಪ್ರಿಲ್, ಮೇ ತಿಂಗಳುಗಳಲ್ಲಿ, ದೇವದುರ್ಗದ ಕಡೆಯ ಹೊಲದಿಂದ ಬೆವರಿಳಿಸುತ್ತ ಮನೆಗೆ ಬಂದ ಗಂಡನ ಕೈಗೆ ಹೆಂಡತಿಯು ಉಪ್ಪು ಬೆರೆಸಿದ ಮಜ್ಜಿಗೆಯ ಚೊಂಬನ್ನು ಕೊಡುವುದು ಅತ್ಯಂತ ಸಾಧಾರಣವಾದ ಗೃಹಕೃತ್ಯವೇ ಸರಿ. ಆದರೆ ಆ ಗಂಡನು ದ್ವಿಧ್ರುವ ಮನೋವ್ಯಾಧಿಗಾಗಿ, ಎಂದರೆ ವೈದ್ಯರು ಬೈಪೋಲಾರ್ ಎಂದು ಚೀಟಿಯಲ್ಲಿ ಬರೆಯುವ ಕಾಯಿಲೆಗಾಗಿ, ಲಿಥಿಯಂ ಗುಳಿಗೆಗಳನ್ನು ಸೇವಿಸುತ್ತಿರುವವನಾದಲ್ಲಿ ಅದೇ ಚೊಂಬು ಚಿಕಿತ್ಸೆಯ ಒಂದು ಅಂಗವಾಗುತ್ತದೆ.

ಕಾರಣವು ಮೂತ್ರಪಿಂಡದಲ್ಲಿದೆ. ಧಾತುಗಳ ಪಟ್ಟಿಯಲ್ಲಿ ಲಿಥಿಯಂ ಸೋಡಿಯಂನ ಸಗೋತ್ರಿ. ಮೂತ್ರಪಿಂಡದ ಸೂಕ್ಷ್ಮನಾಳಗಳು ಇವೆರಡರ ನಡುವಣ ಭೇದವನ್ನು ಅಷ್ಟಾಗಿ ಎಣಿಸುವುದಿಲ್ಲ. ಬೆವರಿನಿಂದಲೋ ವಾಂತಿಭೇದಿಯಿಂದಲೋ ಶರೀರದ ಉಪ್ಪು ನೀರುಗಳು ಕುಂದಿದಾಗ, ಉಳಿದುದನ್ನು ಕಳೆದುಕೊಳ್ಳಲಾಗದೆಂದು ಸೋಡಿಯಂ ಅನ್ನು ಹಿಂದಕ್ಕೆ ಸೆಳೆದುಕೊಳ್ಳುವ ಆ ನಾಳಗಳು ಅದರೊಡನೆ ಲಿಥಿಯಂ ಅನ್ನೂ ಸೆಳೆದುಕೊಳ್ಳುತ್ತವೆ. ಮೂತ್ರದಲ್ಲಿ ಹೊರಟುಹೋಗಬೇಕಾಗಿದ್ದ ಮದ್ದು ರಕ್ತದಲ್ಲಿ ನಿಂತು ಏರತೊಡಗುತ್ತದೆ. ಈ ಏರಿಕೆಗೆ ಇರುವ ಅವಕಾಶವೋ ಬಹು ಸಂಕುಚಿತವಾದುದು: ರಕ್ತದ ಪ್ರತಿ ಲೀಟರಿಗೆ ಸುಮಾರು 0.6 ರಿಂದ 1.0 ಮಿಲಿಮೋಲ್‌ವರೆಗೆ ಅದು ಔಷಧ, 1.5 ಅನ್ನು ದಾಟಿತೆಂದರೆ ಪ್ರಾಯಶಃ ವಿಷ. ಕೈಗಳ ಒರಟು ನಡುಕ, ತೊದಲುವ ಮಾತು, ಕುಡಿದವನಂತೆ ತೂರಾಡುವ ನಡೆ, ನಿಲ್ಲದ ವಾಂತಿ ಅಥವಾ ಭೇದಿ ಇವುಗಳು ಕಂಡ ದಿನ ಮುಂದಿನ ಗುಳಿಗೆಯನ್ನು ಕೊಡದೆ ನೇರವಾಗಿ ದವಾಖಾನೆಗೆ ಕರೆದೊಯ್ಯತಕ್ಕದ್ದು. ಮೈಕೈ ನೋವಿಗೆಂದು ಔಷಧದ ಅಂಗಡಿಯಲ್ಲಿ ಕೇಳಿ ತರುವ ಡೈಕ್ಲೋಫೆನಾಕ್, ಐಬುಪ್ರೊಫೆನ್‌ಗಳೂ, ರಕ್ತದೊತ್ತಡಕ್ಕೆ ಕೊಡುವ ಕೆಲವು ಮೂತ್ರವರ್ಧಕಗಳೂ, “ಬಿ.ಪಿ. ಐತಿ, ಉಪ್ಪು ಬಿಡ್ರಿ” ಎಂಬ ನೆರೆಯವರ ಸದುದ್ದೇಶದ ಸಲಹೆಯೂ ಇದೇ ಏರಿಕೆಯನ್ನು ಉಂಟುಮಾಡಬಲ್ಲವು. ಹಾಗೆಂದು ಉಪ್ಪನ್ನು ಧಾರಾಳವಾಗಿ ಸುರಿದರೆ ಲಿಥಿಯಂ ಬೇಗನೆ ಹೊರಬಿದ್ದು ಮದ್ದಿನ ಬಲವೇ ಇಳಿಯುವುದು; ಬೇಕಾದುದು ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ, ದಿನದಿನವೂ ಒಂದೇ ಸಮನಾದ ಪ್ರಮಾಣ. ಏಕಾದಶಿಯಂದು ನೀರನ್ನೂ ಮುಟ್ಟದ ಮಾಧ್ವ ಮನೆತನಗಳೂ, ಕಡುಬೇಸಿಗೆಯಲ್ಲಿ ಬಂದರೂ ರಮ್ಜಾನಿನ ರೋಜಾ ಬಿಡದ ಮುಸಲ್ಮಾನ ಮನೆತನಗಳೂ ಇರತಕ್ಕ ಈ ಊರುಗಳಲ್ಲಿ, ಉಪವಾಸವನ್ನು ಹಿಡಿಯುವ ಮೊದಲು ವೈದ್ಯರಲ್ಲಿ ವಿಚಾರಿಸುವ ಹೊಣೆಯು ಬಹುಮಟ್ಟಿಗೆ ಬಾಳಸಂಗಾತಿಯ ಮೇಲೆಯೇ ಬೀಳುತ್ತದೆ.

ಈ ಮದ್ದಿನ ಚರಿತ್ರೆಯ ಮೊದಲ ಪುಟದಲ್ಲಿಯೇ ಮನೆಯ ಪಾತ್ರವು ಬರೆಯಲ್ಪಟ್ಟಿದೆ, ಅದೂ ಅಭಾವರೂಪದಿಂದ. ಆಸ್ಟ್ರೇಲಿಯದ ಮೆಲ್ಬರ್ನ್ ನಗರದ ಹೊರವಲಯದ ಬಂಡೂರದಲ್ಲಿ, ಜಪಾನೀಯರ ಸೆರೆಯಲ್ಲಿ ಮೂರು ವರ್ಷಗಳಿಗೂ ಮೇಲ್ಪಟ್ಟು ಕಳೆದು ಬಂದಿದ್ದ ಜಾನ್ ಕೇಡ್ ಎಂಬ ವೈದ್ಯನು, ಗಿನಿಹಂದಿಗಳ ಮೇಲೆ ಪ್ರಯೋಗ ಮಾಡಿ ನೋಡಿದ ಲಿಥಿಯಂ ಲವಣವನ್ನು 1948ರಲ್ಲಿ ತನ್ನ ರೋಗಿಗಳಿಗೆ ಕೊಟ್ಟು, ಮರುವರ್ಷ ಅದರ ಫಲವನ್ನು ಪ್ರಕಟಿಸಿದನು. ಐದು ವರ್ಷಗಳಿಂದ ಎಡೆಬಿಡದ ಉನ್ಮಾದದಲ್ಲಿದ್ದ, 51 ವರ್ಷ ವಯಸ್ಸಿನ ಮೊದಲನೆಯ ರೋಗಿಯು ಕೆಲವೇ ತಿಂಗಳುಗಳಲ್ಲಿ ಗುಣಮುಖನಾಗಿ ಮನೆಗೆ ಮರಳಿ ಹಳೆಯ ಉದ್ಯೋಗಕ್ಕೂ ಸೇರಿದನು. ಆಮೇಲೆ ಗುಳಿಗೆಗಳನ್ನು ಅಲಕ್ಷ್ಯಮಾಡಿ ನಿಲ್ಲಿಸಿದನು. ಆರು ತಿಂಗಳೊಳಗೆ ಮತ್ತೆ ಆಸ್ಪತ್ರೆಗೆ ಬಂದನು. ಕೊನೆಗೆ 1950ರಲ್ಲಿ ಅದೇ ಲಿಥಿಯಂನ ವಿಷದಿಂದಲೇ ಮೃತನಾದನು. ರಕ್ತದಲ್ಲಿ ಮದ್ದಿನ ಪ್ರಮಾಣವನ್ನು ಅಳೆಯುವ ಪದ್ಧತಿಯು ಆಗಿನ್ನೂ ರೂಢಿಗೆ ಬಂದಿರಲಿಲ್ಲ. ಇಂದು ಆ ಪರೀಕ್ಷೆಯುಂಟು. ಹಿಂದಿನ ರಾತ್ರಿಯ ಗುಳಿಗೆಯಾದ 12 ಗಂಟೆಗಳ ಬಳಿಕ, ಬೆಳಗಿನ ಗುಳಿಗೆಯನ್ನು ನುಂಗುವ ಮುಂಚೆ ರಕ್ತವನ್ನು ಕೊಡಬೇಕೆಂಬ ನಿಯಮವೂ ಉಂಟು. ಥೈರಾಯ್ಡ್ ಮತ್ತು ಮೂತ್ರಪಿಂಡಗಳ ಪರೀಕ್ಷೆಯನ್ನು ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ಮಾಡಿಸುವ ವಾಡಿಕೆಯೂ ಉಂಟು. ಪರೀಕ್ಷೆಯ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡುವವರು ಯಾರೆಂಬ ಪ್ರಶ್ನೆಯೊಂದು ಮಾತ್ರ ವೈದ್ಯಶಾಸ್ತ್ರದ ಗ್ರಂಥಗಳಿಂದ ಹೊರಗೆ ಉಳಿದಿದೆ.

ವ್ಯಾಧಿಯ ಸ್ವರೂಪವನ್ನು ಇಲ್ಲಿ ಸಂಕ್ಷೇಪವಾಗಿ ಹೇಳುವುದೇ ಸಾಕು. ಒಂದು ವಾರಕ್ಕೆ ಕಡಿಮೆಯಿಲ್ಲದೆ ನಿಲ್ಲುವ ಉನ್ಮಾದದಲ್ಲಿ ನಿದ್ರೆ ಬೇಡವಾಗುತ್ತದೆ, ಮಾತು ಕಟ್ಟೊಡೆಯುತ್ತದೆ, ಹಣವು ನೀರಾಗುತ್ತದೆ, ತನಗೆ ಅಸಾಧ್ಯವೆಂಬುದೇ ಇಲ್ಲವೆಂಬ ಭಾವವು ಬೇರೂರುತ್ತದೆ. ಎರಡು ವಾರಗಳಿಂದ ಹಿಡಿದು ಎಷ್ಟೋ ತಿಂಗಳುಗಳವರೆಗೆ ನಿಲ್ಲುವ ಖಿನ್ನತೆಯಲ್ಲಿ ಅದೇ ವ್ಯಕ್ತಿಗೆ ಹಾಸಿಗೆಯಿಂದ ಏಳುವುದೂ ದುಸ್ಸಾಧ್ಯವಾಗುತ್ತದೆ. ಪ್ಯಾರಿಸ್ಸಿನ ಜ್ಯಾಂ ಪಿಯೆರ್ ಫಾಲ್ರೆ ಎಂಬ ವೈದ್ಯನು 1854ರಲ್ಲಿ ಇದನ್ನು ಚಕ್ರಾಕಾರದ ಉನ್ಮಾದವೆಂದು ವರ್ಣಿಸಿದಾಗ, ಅದೇ ವರ್ಷ ಅದೇ ನಗರದ ಬೈಯಾರ್ಜೆ ಎಂಬ ಮತ್ತೊಬ್ಬನು ಇದನ್ನು ಮೊದಲು ಕಂಡವನು ತಾನೆಂದು ಜಗಳಕ್ಕೆ ನಿಂತನು. ಆ ಜಗಳವು ನಮಗೆ ಅಪ್ರಸ್ತುತ. ಫಾಲ್ರೆಯ ವರ್ಣನೆಯಲ್ಲಿದ್ದ ಒಂದು ಸೂಕ್ಷ್ಮವು ಮಾತ್ರ ಅತ್ಯಂತ ಪ್ರಸ್ತುತವಾದುದು. ಉಬ್ಬರ ಮತ್ತು ಇಳಿತಗಳ ನಡುವೆ ಬರುವ ತಿಳಿಯಾದ ಅವಧಿಯನ್ನೂ ಆತನು ಆ ಚಕ್ರದ ಒಂದು ಭಾಗವಾಗಿಯೇ ಎಣಿಸಿದನು. ಮನೆಯವರಾದರೋ ಆ ಅವಧಿಯನ್ನು ರೋಗದ ಅಂತ್ಯವೆಂದು ತಿಳಿದು ನಿಟ್ಟುಸಿರು ಬಿಟ್ಟು ಎಲ್ಲವನ್ನೂ ಮರೆಯಲೆಳಸುತ್ತಾರೆ. ಅದು ಸಹಜವೇ ಆದರೂ ನಷ್ಟಕರವಾದುದು. ಏಕೆಂದರೆ ಉನ್ಮಾದವು ತುತ್ತತುದಿಗೇರಿದ ಮೇಲೆ ಗಂಡನಾಗಲಿ ಹೆಂಡತಿಯಾಗಲಿ ಮಾಡಬಹುದಾದುದು ಬಹು ಸ್ವಲ್ಪ, ತಿಳಿಯಾದ ತಿಂಗಳುಗಳಲ್ಲಿ ಮಾಡಬಹುದಾದುದು ಬಹಳ. ಈ ಅಧ್ಯಾಯದಲ್ಲಿ ಹೇಳಬೇಕೆಂದಿರುವುದೆಲ್ಲವೂ ಆ ತಿಂಗಳುಗಳ ಕೆಲಸವನ್ನು ಕುರಿತದ್ದು.

ಮೊದಲನೆಯದು ಮುನ್ಸೂಚನೆಗಳನ್ನು ಗುರುತಿಸಿಡುವುದು. ಪ್ರತಿಯೊಬ್ಬ ರೋಗಿಯ ಉನ್ಮಾದವೂ ತನ್ನದೇ ಆದ ದಾರಿಯಲ್ಲಿ, ಬಹುತೇಕ ಪ್ರತಿ ಸಲವೂ ಅದೇ ದಾರಿಯಲ್ಲಿ ಬರುತ್ತದೆ: ಒಬ್ಬನು ನಸುಕಿನಲ್ಲೆದ್ದು ವರ್ಷಗಳಿಂದ ಮುಟ್ಟದಿದ್ದ ಮೋಟರನ್ನು ಬಿಚ್ಚಲಾರಂಭಿಸುತ್ತಾನೆ, ಮತ್ತೊಬ್ಬಳು ಒಂದೇ ಮಧ್ಯಾಹ್ನ ಬಳಗದವರೆಲ್ಲರಿಗೂ ಫೋನು ಮಾಡುತ್ತಾಳೆ, ಮಗದೊಬ್ಬನು ಮಾನ್ವಿಯ ಭತ್ತದ ಗದ್ದೆಗಳನ್ನು ಮೇಲಿಂದ ಮೇಲೆ ಲಾವಣಿಗೆ ಹಿಡಿಯುವ ಮಾತನ್ನೆತ್ತುತ್ತಾನೆ. ಇಂಗ್ಲೆಂಡಿನಲ್ಲಿ 69 ಮಂದಿ ರೋಗಿಗಳ ಮೇಲೆ ನಡೆದು 1999ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ತಮ್ಮ ತಮ್ಮ ಮುನ್ಸೂಚನೆಗಳನ್ನು ಗುರುತಿಸಿ ಒಡನೆ ವೈದ್ಯರನ್ನು ಕಾಣಲು ಕಲಿಸಲಾದ ಗುಂಪಿನ ಕಾಲುಭಾಗಕ್ಕೆ ಉನ್ಮಾದವು ಮರುಕಳಿಸಲು 65 ವಾರಗಳು ಹಿಡಿದವು. ಹಾಗೆ ಕಲಿಸದ ಗುಂಪಿನಲ್ಲಿ ಅದೇ ಕಾಲುಭಾಗಕ್ಕೆ 17 ವಾರಗಳು ಸಾಕಾದವು. ಖಿನ್ನತೆಯ ವಿಷಯದಲ್ಲಿ ಮಾತ್ರ ಆ ಶಿಕ್ಷಣವು ಅಂತಹ ಫಲವನ್ನು ತೋರಲಿಲ್ಲ. ಖಿನ್ನತೆಯು ಮೆಲ್ಲಮೆಲ್ಲನೆ, ಹೆಜ್ಜೆಯ ಸಪ್ಪಳವಿಲ್ಲದೆ ಬರತಕ್ಕದ್ದಾದುದರಿಂದ ಇದ್ದೀತು.

ಮುನ್ಸೂಚನೆಗಳಲ್ಲೆಲ್ಲ ನಿದ್ರೆಯೇ ಪ್ರಧಾನವಾದುದು. ಅದರ ವಿಚಿತ್ರವೇನೆಂದರೆ ಅದು ಸೂಚನೆಯೂ ಹೌದು, ಕಾರಣವೂ ಹೌದು. ಉನ್ಮಾದವು ನಿದ್ರೆಯನ್ನು ಕೆಡಿಸುವಂತೆಯೇ ಕೆಟ್ಟ ನಿದ್ರೆಯು ಉನ್ಮಾದವನ್ನು ಎಬ್ಬಿಸಬಲ್ಲುದು. ರಾಯಚೂರು ಜಿಲ್ಲೆಯ ಬದುಕಿನಲ್ಲಿ ರಾತ್ರಿಯನ್ನು ಹಗಲು ಮಾಡುವ ಪ್ರಸಂಗಗಳು ಬೇಕಾದಷ್ಟಿವೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದ ಹಳ್ಳಿಗಳಲ್ಲಿ ಸರದಿಯ ನೀರು ಯಾವ ಹೊತ್ತಿಗೆ ಬಂದರೆ ಆ ಹೊತ್ತಿಗೆ ಎದ್ದು ನೀರು ಕಟ್ಟಬೇಕು. ಪಂಪ್‌ಸೆಟ್ಟಿಗೆ ತ್ರೀಫೇಸ್ ವಿದ್ಯುತ್ತು ಬರುವುದು ಅನೇಕ ವೇಳೆ ಊರು ಮಲಗಿದ ಮೇಲೆ. ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಸ್ಥಾವರದಲ್ಲಿ ಪಾಳಿಯ ಕೆಲಸ. ಮೊಹರಮ್ಮಿನಲ್ಲಿ ಹಿಂದೂ ಮುಸಲ್ಮಾನರೆನ್ನದೆ ಅಲಾಯಿ ಕುಣಿಯ ಸುತ್ತ ಬೆಳಗಿನವರೆಗೆ ಹೆಜ್ಜೆಹಾಕುವ ಸಂಭ್ರಮ. ಇವುಗಳನ್ನೆಲ್ಲ ತ್ಯಜಿಸಿ ಬಾಳೆಂದು ಉಪದೇಶಿಸುವವನು ಈ ನೆಲವನ್ನು ಬಲ್ಲವನಲ್ಲ. ಆದರೆ ರಾತ್ರಿಯ ಸರದಿಯನ್ನು ಮನೆಯ ಬೇರೊಬ್ಬರಿಗೆ ವಹಿಸುವುದು, ಪಾಳಿಯನ್ನು ಹಗಲಿಗೆ ಬದಲಿಸಿಕೊಡುವಂತೆ ವೈದ್ಯರ ಚೀಟಿಯೊಂದಿಗೆ ಅರ್ಜಿ ಕೊಡುವುದು, ಹಬ್ಬದ ರಾತ್ರಿ ಎಷ್ಟು ಹೊತ್ತಿಗೆ ಮನೆಗೆ ಮರಳುವುದೆಂದು ಮೊದಲೇ ಗೊತ್ತುಮಾಡಿಕೊಳ್ಳುವುದು ಇವು ಅಸಾಧ್ಯಗಳಲ್ಲ. “ರೀ, ಇವತ್ತು ನೀರು ಕಟ್ಟಾಕ ನಿಮ್ಮ ತಮ್ಮ ಹೋಗ್ತಾನ, ನೀವು ಉಂಡು ಮಕ್ಕೋರಿ” ಎಂಬ ಒಂದು ಮಾತಿನಲ್ಲಿ ಎಷ್ಟೋ ಚಿಕಿತ್ಸೆ ಅಡಗಿದೆ. ಮೈದುನನನ್ನು ಆ ಮಾತಿಗೆ ಮುಂಚಿತವಾಗಿಯೇ ಒಪ್ಪಿಸಿಟ್ಟಿರಬೇಕು ಎಂಬುದಷ್ಟೇ ಅದರ ಕಷ್ಟ.

ಮಾತಿನ ಧಾಟಿಯನ್ನೂ ವಿಜ್ಞಾನವು ತೂಗಿ ನೋಡಿದೆ. ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಎಂಬ ಸಮಾಜವಿಜ್ಞಾನಿಯು, ಆಸ್ಪತ್ರೆಯಿಂದ ಬಿಡುಗಡೆ ಹೊಂದಿದ ರೋಗಿಗಳಲ್ಲಿ ಯಾರು ಮತ್ತೆ ಕೆಡುತ್ತಾರೆಂದು ಹುಡುಕುತ್ತ ಹೋಗಿ, ಟೀಕೆ, ಹಗೆತನ ಅಥವಾ ಮಿತಿಮೀರಿದ ಕಾಳಜಿ ತುಂಬಿರುವ ಮನೆಗಳಿಗೆ ಮರಳಿದವರು ಹೆಚ್ಚಾಗಿ ಕೆಡುತ್ತಾರೆಂಬುದನ್ನು ಕಂಡನು. ಅದು ಮೊದಲು ಸ್ಕಿಜೋಫ್ರೇನಿಯ ರೋಗಿಗಳಲ್ಲಿ ಕಂಡ ಸತ್ಯ. 1988ರಲ್ಲಿ ಅಮೆರಿಕದ ಡೇವಿಡ್ ಮಿಕ್ಲೊವಿಟ್ಸ್ ಮತ್ತು ಸಂಗಡಿಗರು ದ್ವಿಧ್ರುವ ವ್ಯಾಧಿಯಲ್ಲಿಯೂ ಅದನ್ನೇ ಕಂಡರು. ಭಾರತದಲ್ಲಿ, ಚಂಡೀಗಢದ ಕುಟುಂಬಗಳನ್ನು ಇದೇ ಅಳತೆಯಿಂದ ಅಳೆದಾಗ, ಲಂಡನ್ನಿನವುಗಳಿಗಿಂತ ಟೀಕೆ ಎಷ್ಟೋ ಕಡಿಮೆಯೆಂದು 1987ರಲ್ಲಿ ವರದಿಯಾಯಿತು. ನಾವು ಹಿಗ್ಗಬೇಕಾದ ವಾರ್ತೆಯೇ. ಆದರೂ ಮಿತಿಮೀರಿದ ಕಾಳಜಿಯ ಪಟ್ಟಿಯಲ್ಲಿ ನಮ್ಮವರು ಹಿಂದೆಬಿದ್ದಾರೆಂದು ನನಗೆ ತೋರದು. ಗಂಡನು ಸ್ವಲ್ಪ ಗಟ್ಟಿಯಾಗಿ ನಕ್ಕನೆಂದರೆ “ಗುಳಿಗಿ ತಗೊಂಡೀರಿಲ್ಲೋ?” ಎಂದು ಕೇಳುವುದು, ಹೆಂಡತಿಯು ಸಿಟ್ಟಾದಳೆಂದರೆ ಅದಕ್ಕೆ ಕಾರಣವಿರಬಹುದೆಂದು ಎಣಿಸದೆ ರೋಗದ ತಲೆಗೆ ಕಟ್ಟುವುದು, ಇವು ಪ್ರೀತಿಯ ವೇಷದ ಅವಮಾನಗಳು. ರೋಗಿಗೂ ನ್ಯಾಯವಾದ ಕೋಪವುಂಟು, ನಿರ್ವ್ಯಾಜವಾದ ಹರ್ಷವುಂಟು.

ಇನ್ನೊಂದು ಅತಿಯುಂಟು, ಅದು ತನ್ನನ್ನೇ ಸವೆಸಿಕೊಳ್ಳುವುದು. ಮಾನ್ವಿಯ ಜಗನ್ನಾಥದಾಸರು ಉದರಶೂಲೆಯಿಂದ ಬಳಲುತ್ತಿದ್ದಾಗ, ಇಂದಿನ ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನಲ್ಲಿ ಹುಟ್ಟಿದ ಗೋಪಾಲದಾಸರು ತಮ್ಮ ಆಯುಸ್ಸಿನ ನಲವತ್ತು ವರ್ಷಗಳನ್ನೇ ರೊಟ್ಟಿಯಲ್ಲಿಟ್ಟು ಅವರಿಗೆ ದಾನವಿತ್ತರೆಂಬ ಐತಿಹ್ಯವನ್ನು ಈ ಸೀಮೆಯ ಮನೆಗಳಲ್ಲಿ ಭಕ್ತಿಯಿಂದ ಹೇಳುತ್ತಾರೆ. ದಾಸರಿಗೆ ಸಂದದ್ದು ಸಂಸಾರಿಗಳಿಗೆ ಸಲ್ಲದು. ತನ್ನ ಊಟ, ನಿದ್ರೆ, ತವರಿನ ನಂಟು, ಸಂಬಳದ ಕೆಲಸ ಎಲ್ಲವನ್ನೂ ಬಿಟ್ಟು ಕಾವಲಿಗೆ ನಿಂತ ಸಂಗಾತಿಯು ಕ್ರಮೇಣ ತಾನೇ ಖಿನ್ನತೆಗೆ ಗುರಿಯಾಗುವುದು ವೈದ್ಯರು ದಿನವೂ ಕಾಣುವ ಸಂಗತಿ. ಆಮೇಲೆ ಆ ಮನೆಯಲ್ಲಿ ಚೀಟಿ ಎರಡು.

ಹಾಗಾದರೆ ಹೊರಗಿನ ನೆರವು ಎಲ್ಲಿ? ನಮ್ಮ ದೇಶದ ಮನೋವೈದ್ಯವು ಕುಟುಂಬವನ್ನು ಮೊದಲಿನಿಂದಲೂ ಒಳಗೆ ಕರೆದುಕೊಂಡುದು ಭಾಗಶಃ ದಾರಿದ್ರ್ಯದಿಂದ, ಭಾಗಶಃ ವಿವೇಕದಿಂದ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಡಾ. ವಿದ್ಯಾಸಾಗರ್ ಅವರು ಆವರಣದಲ್ಲಿ ಡೇರೆಗಳನ್ನು ಹೂಡಿಸಿ ರೋಗಿಗಳ ಬಂಧುಗಳನ್ನೂ ಅಲ್ಲಿಯೇ ಇರಿಸಿಕೊಂಡರು. ಬಂಧುಗಳು ಶುಶ್ರೂಷೆಯನ್ನು ಕಲಿತು ಮನೆಗೆ ಮರಳಿದರು, ರೋಗಿಗಳು ಬೇಗ ಚೇತರಿಸಿದರು. 1974ರಲ್ಲಿ ಹಳೆಯ ಮಾನಸಿಕ ಆಸ್ಪತ್ರೆ ಮತ್ತು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಗಳು ಒಂದುಗೂಡಿ ರೂಪುಗೊಂಡ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು, 1980ರ ದಶಕದಲ್ಲಿ ನಮ್ಮ ನೆರೆಯ ಬಳ್ಳಾರಿ ಜಿಲ್ಲೆಯನ್ನು ಆರಿಸಿಕೊಂಡು, ಸುಮಾರು 20 ಲಕ್ಷ ಜನರಿದ್ದ ಆ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಮನೋರೋಗಗಳನ್ನು ಗುರುತಿಸಿ ಕೆಲವೇ ಮದ್ದುಗಳಿಂದ ಉಪಚರಿಸುವುದನ್ನು ಕಲಿಸಿತು. ಆ ಪ್ರಯೋಗವೇ 1996ರಲ್ಲಿ ಆರಂಭವಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದ ಮಂಗಳವಾರದ ಶಿಬಿರಗಳು ತಜ್ಞರನ್ನು ತಾಲ್ಲೂಕು ಆಸ್ಪತ್ರೆಗಳವರೆಗೆ ತರುವ ಉದ್ದೇಶದವು. ಆದರೂ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಈ ವ್ಯಾಧಿಯುಳ್ಳ ಪ್ರತಿ ನೂರು ಮಂದಿಯಲ್ಲಿ ಸುಮಾರು 70 ಮಂದಿಗೆ ಚಿಕಿತ್ಸೆಯೇ ತಲುಪಿಲ್ಲ.

ತಲುಪಿದವರಿಗೂ ಅದು ನಿಲ್ಲುವುದು ಕಷ್ಟ. ಸುಗ್ಗಿ ಮುಗಿದೊಡನೆ ದೇವದುರ್ಗದ ಹಳ್ಳಿಗಳಿಂದ ಕುಟುಂಬಕ್ಕೆ ಕುಟುಂಬವೇ ಬೆಂಗಳೂರಿನ ಕಟ್ಟಡದ ಕೆಲಸಗಳಿಗೆ ಗುಳೆ ಹೊರಡುವುದು ಈ ಸೀಮೆಯ ಹಳೆಯ ಸಂಕಟ. ಗುಳೆಯ ಗಂಟಿನಲ್ಲಿ ಹಾಸಿಗೆ, ಪಾತ್ರೆ, ಜೋಳದ ಹಿಟ್ಟು ಇರುತ್ತವೆ. ದವಾಖಾನೆಯ ಚೀಟಿಯು ಇರುವುದಿಲ್ಲ. ಗುಳಿಗೆಗಳು ತಿಂಗಳೊಳಗೆ ತೀರುತ್ತವೆ. ಲಿಥಿಯಂ ಅನ್ನು ಥಟ್ಟನೆ ನಿಲ್ಲಿಸಿದವರಲ್ಲಿ ಉನ್ಮಾದವು ಬೇಗನೆ ಮರಳುವ ಸಂಭವವು ಹೆಚ್ಚು. ಹೊರಡುವ ಮುನ್ನ ಎರಡು ತಿಂಗಳ ಮದ್ದನ್ನು ಕೇಳಿ ಪಡೆಯುವುದು, ಚೀಟಿಯ ಚಿತ್ರವನ್ನು ಇಬ್ಬರ ಮೊಬೈಲಿನಲ್ಲಿಯೂ ಇಟ್ಟುಕೊಳ್ಳುವುದು, ತೀರಾ ತೊಡಕಾದರೆ 2022ರ ಅಕ್ಟೋಬರದಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಕರೆಮಾಡಿ ಕನ್ನಡದಲ್ಲಿಯೇ ಮಾತಾಡುವುದು, ಇಷ್ಟನ್ನು ಬಲ್ಲವರು ಆ ಗುಳೆಯನ್ನು ಸ್ವಲ್ಪ ಸುರಕ್ಷಿತವಾಗಿ ದಾಟಬಲ್ಲರು.

ತಿಳಿಯಾದ ದಿನಗಳ ಕೆಲಸಗಳಲ್ಲಿ ನನ್ನ ಮತಿಗೆ ಅತ್ಯಂತ ಮುಖ್ಯವೆಂದು ತೋರುವುದು ದಂಪತಿಗಳ ನಡುವಣ ಒಡಂಬಡಿಕೆ. ಉನ್ಮಾದದಲ್ಲಿದ್ದವನು ದಲಾಲಿ ಅಂಗಡಿಯಲ್ಲಿ ಮುಂದಿನ ಬೆಳೆಯ ಮೇಲೆ ಸಾಲವೆತ್ತಿ ಮುಗಿದ ಮೇಲೆ ಹೆಂಡತಿಯು ಅಳುವುದರಿಂದ ಫಲವಿಲ್ಲ, ಸಮಚಿತ್ತದಲ್ಲಿದ್ದಾಗ ಅವನೇ ತನ್ನ ಬಾಯಿಂದ, “ನನಗ ಎರಡು ರಾತ್ರಿ ನಿದ್ದಿ ಬರಲಿಲ್ಲಂದ್ರ ಎ.ಟಿ.ಎಂ. ಕಾರ್ಡು, ಗಾಡಿ ಕೀಲಿ ನೀ ಇಟಗೋ, ನಾ ಬೈದ್ರೂ ಕೊಡಬ್ಯಾಡ” ಎಂದು ಹೇಳಿಟ್ಟಿದ್ದರೆ ಅವಳು ಆ ದಿನ ನಡೆಸುವುದು ಅವನ ಇಚ್ಛೆಯನ್ನೇ ಹೊರತು ತನ್ನ ಅಧಿಕಾರವನ್ನಲ್ಲ. ಈ ಸೂಕ್ಷ್ಮವನ್ನು ಶಾಸನವೂ ಮನಗಂಡಿದೆ. 2018ರ ಮೇ ತಿಂಗಳಿನಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು, ತಾನು ಅಸ್ವಸ್ಥನಾದರೆ ಯಾವ ಚಿಕಿತ್ಸೆಯು ಬೇಕು, ಯಾವುದು ಬೇಡ ಎಂಬುದನ್ನು ಪ್ರಾಪ್ತವಯಸ್ಕನು ಮುಂಚಿತವಾಗಿ ಬರೆದಿಡುವ ಹಕ್ಕನ್ನು ಕೊಟ್ಟಿದೆ. ತನ್ನ ಪರವಾಗಿ ನಿಲ್ಲುವವರನ್ನು ಸಾದಾ ಕಾಗದದ ಮೇಲೆ ಬರೆದು ರುಜುಮಾಡಿ ಅಥವಾ ಹೆಬ್ಬೆಟ್ಟೊತ್ತಿ ನಾಮನಿರ್ದೇಶನ ಮಾಡುವ ಹಕ್ಕನ್ನೂ ಕೊಟ್ಟಿದೆ. ಸಂಗಾತಿಯೇ ಆ ಪ್ರತಿನಿಧಿಯಾಗಬೇಕೆಂಬ ಕಟ್ಟಿಲ್ಲ; ಕೆಲವು ಮನೆಗಳಲ್ಲಿ ಅಕ್ಕನೋ ಸೋದರಮಾವನೋ ಆಗುವುದೇ ಲೇಸು, ಏಕೆಂದರೆ ಮರುದಿನ ಒಂದೇ ತಟ್ಟೆಯಲ್ಲಿ ಉಣ್ಣಬೇಕಾದವರ ನಡುವೆ ‘ಆಸ್ಪತ್ರೆಗೆ ಹಾಕಿಸಿದವಳು’ ಎಂಬ ಮುನಿಸು ನಿಲ್ಲಬಾರದು.

ಒಡಂಬಡಿಕೆಯಲ್ಲಿ ಸೇರಲೇಬೇಕಾದ ಮತ್ತೊಂದು ಅಂಶವನ್ನು ಸಂಕೋಚವಿಲ್ಲದೆ ಹೇಳುತ್ತೇನೆ. ಹತ್ತಿ ಬೆಳೆಯುವ ಈ ಜಿಲ್ಲೆಯಲ್ಲಿ ಹೊಡೆಯುವ ಎಣ್ಣೆಯ, ಎಂದರೆ ಕೀಟನಾಶಕದ, ಡಬ್ಬಿಗಳು ಮನೆಯ ಮೂಲೆಯಲ್ಲಿಯೇ ಇರುತ್ತವೆ. ಈ ವ್ಯಾಧಿಯಲ್ಲಿ ಆತ್ಮಹತ್ಯೆಯ ಅಪಾಯವು ಸಾಮಾನ್ಯರಿಗಿಂತ ಅನೇಕ ಪಟ್ಟು ಅಧಿಕ. ಲಿಥಿಯಂ ಅದನ್ನು ಗಣನೀಯವಾಗಿ ತಗ್ಗಿಸುವುದೆಂಬುದು ಈ ಹಳೆಯ ಮದ್ದನ್ನು ವೈದ್ಯರು ಇಂದಿಗೂ ಬಿಡದಿರುವುದಕ್ಕೆ ಒಂದು ಪ್ರಬಲ ಕಾರಣ. ಸಾವಿನ ಆಲೋಚನೆಯು ಅನೇಕ ವೇಳೆ ಅಲ್ಪಕಾಲದ್ದಾದುದರಿಂದ ಆ ಅಲ್ಪಕಾಲದಲ್ಲಿ ಸಾಧನವು ಕೈಗೆ ಸಿಕ್ಕದಿದ್ದರೆ ಜೀವವು ಉಳಿಯುತ್ತದೆ. ಆ ಡಬ್ಬಿಗಳು ಮನೆಯಲ್ಲಿರದೆ ಬೇರೆಯವರ ವಶದಲ್ಲಿ ಬೀಗದೊಳಗಿರಲಿ. “ಸಾಯಬೇಕು ಅನ್ನಿಸುತ್ತೇನು?” ಎಂದು ಮೆಲ್ಲನೆ, ನೇರವಾಗಿ ಕೇಳುವುದರಿಂದ ಆ ಆಲೋಚನೆಯು ಹುಟ್ಟುವುದಿಲ್ಲ, ಇದ್ದುದು ಹೊರಬರುತ್ತದೆ, ಅಷ್ಟೇ. ಹೌದೆಂದರೆ ಒಬ್ಬರನ್ನೇ ಬಿಡದೆ ಅಂದೇ ವೈದ್ಯರ ಬಳಿಗೆ ಕರೆದೊಯ್ಯಬೇಕು.

ಇದುವರೆಗೆ ಬಹುಮಟ್ಟಿಗೆ ಗಂಡನೇ ರೋಗಿಯೆಂಬಂತೆ ಬರೆದೆನು. ವ್ಯಾಧಿಯಾದರೋ ಸ್ತ್ರೀಪುರುಷರನ್ನು ಹೆಚ್ಚುಕಡಿಮೆ ಸಮವಾಗಿಯೇ ಹಿಡಿಯುತ್ತದೆ, ಸಮಾಜವು ಸಮವಾಗಿ ನಡೆಸಿಕೊಳ್ಳುವುದಿಲ್ಲ. ಹದಿಹರೆಯದ ಕೊನೆ ಮತ್ತು ಇಪ್ಪತ್ತರ ಆಸುಪಾಸು ಈ ರೋಗವು ಮೊದಲು ತಲೆದೋರುವ ವಯಸ್ಸು. ನಮ್ಮ ಕಡೆ ಹೆಣ್ಣುಮಕ್ಕಳ ಮದುವೆಯ ವಯಸ್ಸೂ ಅದೇ. “ಮದುವಿ ಮಾಡಿದ್ರ ಸರಿ ಹೋಗ್ತದ” ಎಂದು ಮುಚ್ಚಿಟ್ಟು ಮಾಡಿದ ಮದುವೆಯಲ್ಲಿ ಗುಳಿಗೆಯನ್ನು ಕದ್ದು ನುಂಗಬೇಕು ಅಥವಾ ಬಿಡಬೇಕು. ಬಿಟ್ಟರೆ ರೋಗವು ತಾನೇ ಬಾಯಿಬಿಡುತ್ತದೆ. ಗಂಡನಿಗೆ ರೋಗ ಬಂದರೆ ಹೆಂಡತಿಗೆ ತಾಳ್ಮೆಯನ್ನು ಬೋಧಿಸುವ ಹಿರಿಯರೇ ಹೆಂಡತಿಗೆ ಬಂದರೆ ಅವಳನ್ನು ತವರಿಗೆ ಬಿಟ್ಟುಬರಲು ಹೇಳುತ್ತಾರೆ. 1955ರ ಹಿಂದೂ ವಿವಾಹ ಕಾಯಿದೆಯು ಮಾನಸಿಕ ವ್ಯಾಧಿಯನ್ನು ವಿಚ್ಛೇದನದ ಒಂದು ಕಾರಣವಾಗಿ ಹೇಳುತ್ತದೆಂಬುದು ನಿಜ. ಆದರೆ ರೋಗದ ಹೆಸರಿದ್ದ ಮಾತ್ರಕ್ಕೆ ಸಾಲದು, ಸಹಜೀವನವು ನಿಜವಾಗಿ ಅಸಾಧ್ಯವಾಗುವಷ್ಟು ತೀವ್ರತೆಯಿರಬೇಕೆಂದು ಸರ್ವೋಚ್ಚ ನ್ಯಾಯಾಲಯವು 1988ರಲ್ಲಿ ಸ್ಪಷ್ಟಪಡಿಸಿದೆ.

ಹೆಂಡತಿಯು ರೋಗಿಯಾದಾಗ ಗಂಡನು ತಿಳಿದಿರಲೇಬೇಕಾದ ಒಂದೆರಡು ವಿಷಯಗಳು ಹೆರಿಗೆಗೆ ಸಂಬಂಧಿಸಿದವು. ಈ ವ್ಯಾಧಿಗೆ ಕೊಡುವ ಸೋಡಿಯಂ ವ್ಯಾಲ್‌ಪ್ರೋಯೇಟ್ ಎಂಬ ಮದ್ದನ್ನು ಗರ್ಭಿಣಿಯು ಸೇವಿಸಿದರೆ, ಹುಟ್ಟುವ ಶಿಶುಗಳಲ್ಲಿ ಸುಮಾರು ಹತ್ತರಲ್ಲೊಂದಕ್ಕೆ ಬೆನ್ನುಹುರಿಯ ಊನವೇ ಮೊದಲಾದ ದೋಷಗಳು ಉಂಟಾಗುತ್ತವೆ. ಗರ್ಭ ನಿಂತ ಮೇಲೆ ಎಚ್ಚರಗೊಳ್ಳುವುದು ತಡವಾಗುವುದರಿಂದ, ಮಗು ಬೇಕೆಂದು ನಿಶ್ಚಯಿಸುವ ಮೊದಲೇ ಇಬ್ಬರೂ ಕೂಡಿ ವೈದ್ಯರನ್ನು ಕಂಡು ಮದ್ದನ್ನು ಬದಲಿಸಿಕೊಳ್ಳಬೇಕು, ತಾವಾಗಿಯೇ ನಿಲ್ಲಿಸಕೂಡದು. ಹೆರಿಗೆಯಾದ ಮೊದಲ ಕೆಲವು ವಾರಗಳು ರೋಗವು ಮರುಕಳಿಸುವ ಅತ್ಯಂತ ಅಪಾಯದ ಕಾಲ. ರೂಢಿಯಂತೆ ಅವಳು ಆಗ ತವರಿನಲ್ಲಿರುತ್ತಾಳೆ. ಎಂದಮೇಲೆ ಬಾಣಂತಿಯ ಕೋಣೆಯಲ್ಲಿ ಮಲಗುವ ತಾಯಿಗೆ ಮುನ್ಸೂಚನೆಗಳ ಪಟ್ಟಿಯು ತಿಳಿದಿರಬೇಕು, ರಾತ್ರಿ ಮಗುವನ್ನು ಎತ್ತಿಕೊಳ್ಳಲು ಮತ್ತೊಬ್ಬರಿರಬೇಕು. ತಾಯಿ ಮಗುವನ್ನು ಅಗಲಿಸದೆ ಉಪಚರಿಸುವ ವಿಭಾಗವೊಂದನ್ನು ನಿಮ್ಹಾನ್ಸ್ 2009ರಲ್ಲಿಯೇ ತೆರೆದಿದೆ.

ಮಕ್ಕಳಿಗೂ ಬರುವುದೇ ಎಂಬ ಪ್ರಶ್ನೆಯನ್ನು ದಂಪತಿಗಳು ಒಬ್ಬರನ್ನೊಬ್ಬರು ಕೇಳದಿದ್ದರೂ ಮನಸ್ಸಿನಲ್ಲಿ ಇಟ್ಟುಕೊಂಡೇ ಇರುತ್ತಾರೆ. ವಂಶವಾಹಿಗಳ ಪಾಲು ಈ ವ್ಯಾಧಿಯಲ್ಲಿ ದೊಡ್ಡದು; ಆದರೂ ತಂದೆತಾಯಿಗಳಲ್ಲಿ ಒಬ್ಬರಿಗೆ ಇದ್ದರೆ ಮಗುವಿಗೆ ಬರುವ ಸಂಭವವು ನೂರಕ್ಕೆ ಐದರಿಂದ ಹತ್ತರಷ್ಟು, ಎಂದರೆ ಹತ್ತರಲ್ಲಿ ಒಂಬತ್ತು ಮಕ್ಕಳಿಗಾದರೂ ಅದು ಬರುವುದಿಲ್ಲ. ಮಗನು ಪಿ.ಯು.ಸಿ. ಪರೀಕ್ಷೆಗೆ ರಾತ್ರಿಯೆಲ್ಲ ಓದಿ ಬೆಳಿಗ್ಗೆ ಹುರುಪಿನಿಂದ ಎದ್ದರೆ ಅದು ಹುರುಪೇ. ಓದೂ ಇಲ್ಲದೆ ನಿದ್ರೆಯೂ ಇಲ್ಲದೆ ನಾಲ್ಕಾರು ದಿನಗಳು ಕಳೆದು, ಆದರೂ ಆಯಾಸವೇ ತೋರದಿದ್ದರೆ, ತಂದೆಯ ಚೀಟಿಯನ್ನು ಬರೆದ ವೈದ್ಯರಿಗೇ ಅವನನ್ನೂ ತೋರಿಸಬಹುದು.